ಹಳ್ಳದ ತಿರುವಿನ ಮಣ್ಣು

ನನಗೆ ಬಂದಿದ್ದ ಕಾಯಿಲೆ ಏನೆಂದು ಯಾರಾದರೂ ಕೇಳಿದರೆ ಇವತ್ತಿಗೂ ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಬಸುರಿಯಾಗಿದ್ದಾಗ ಮಣ್ಣು ತಿಂದೆ, ಆ ಮಣ್ಣಿನಲ್ಲಿ ಸೀಸವಿತ್ತು, ಮೈಗೆ ಹತ್ತಿತು ಎಂದು ಹೇಳಿಬಿಡುತ್ತೇನೆ. ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ನನ್ನ ಬಲಗೈ ಕಡೆ ನೋಡುತ್ತಾರೆ. ಅದು ಈಗ ಮುಕ್ಕಾಲು ಪಾಲು ನನ್ನ ಮಾತು ಕೇಳುತ್ತದೆ, ಉಳಿದ ಕಾಲು ಪಾಲು ಅದರದೇ ಕಾರುಬಾರು. ಬರೆಯಲು ಕೂತರೆ ಅಕ್ಷರಗಳು ಗೆರೆ ಬಿಟ್ಟು ಕೆಳಕ್ಕೆ ಜಾರುತ್ತವೆ. ಆದರೂ ಇದನ್ನು ನಾನೇ ಬರೆಯಬೇಕು ಎಂದು ಹಟ ಹಿಡಿದು ಕೂತಿದ್ದೇನೆ.

ಯಾರಿಗಾಗಿ ಎಂದರೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ತನಗೇನಾಗಿದೆಯೆಂದು ತನಗೇ ತಿಳಿಯದೆ, ಜೊತೆಗೆ ಬಂದವರ ಮುಖ ನೋಡುತ್ತಿರುವ ಹೆಣ್ಣುಮಕ್ಕಳಿಗಾಗಿ. ಅವರ ಹೊಟ್ಟೆನೋವಿನ ಬಗ್ಗೆ ಊರೆಲ್ಲ ಮಾತಾಡಿರುತ್ತದೆ, ಅವರನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಆ ಬೆಂಚಿನ ಮೇಲೆ ನಾನೂ ಕೂತಿದ್ದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತವರು ಮಲೆಬೆನ್ನೂರು, ಕೊಟ್ಟದ್ದು ಹರಿಹರಕ್ಕೆ. ನಮ್ಮ ಯಜಮಾನರಿಗೆ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಮಗ್ಗದ ಕೆಲಸ. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಮನೆಯಲ್ಲಿದ್ದದ್ದು ನಾವು ಮೂವರೇ: ಅವರು, ನಾನು, ನಮ್ಮ ಅತ್ತೆ ಹಾಲಮ್ಮ. ಅತ್ತೆ ಎಂದರೆ ಆ ಬೀದಿಗೆಲ್ಲ ಹಾಲಕ್ಕ. ಸೂಲಗಿತ್ತಿಯಲ್ಲ, ಆದರೆ ಯಾರ ಮನೆಯಲ್ಲಿ ಹೆರಿಗೆ ನೋವು ಶುರುವಾದರೂ ಮೊದಲು ಅವರಿಗೆ ಹೇಳಿಕಳಿಸುತ್ತಿದ್ದರು. ಅವರ ಕೈಗುಣ ಒಳ್ಳೆಯದು ಎಂಬ ಮಾತಿತ್ತು. ಹುಟ್ಟಿದ ಕೂಸನ್ನು ಹಾಲಕ್ಕ ಒಮ್ಮೆ ಎತ್ತಿಕೊಂಡರೆ ಅದು ಗಟ್ಟಿಯಾಗುತ್ತದೆ ಎಂದು ಜನ ನಂಬಿದ್ದರು, ಅತ್ತೆಯೂ ನಂಬಿದ್ದರು. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ನನ್ನ ಮೊದಲ ಬಸಿರು ಮೂರು ತಿಂಗಳಿಗೇ ಹೋಗಿತ್ತು. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ಮಗನಿಗೆ ಇನ್ನೊಂದು ಮದುವೆ ಮಾಡುವ ಮಾತನ್ನು ನೆಂಟರೊಬ್ಬರು ಎತ್ತಿದಾಗ ಅತ್ತೆ ಅವರ ಮುಂದಿನ ಊಟದ ತಟ್ಟೆಯನ್ನೇ ಎತ್ತಿಕೊಂಡು ಒಳಗೆ ಹೋಗಿದ್ದರು. ಅಂಥ ಅತ್ತೆಯನ್ನು ಎಷ್ಟು ಜನ ಸೊಸೆಯರು ಕಂಡಿದ್ದಾರೋ ನನಗೆ ಗೊತ್ತಿಲ್ಲ. ಹಾಗಾಗಿ ಎರಡನೆಯ ಸಲ ಬಸಿರು ನಿಂತಾಗ, ಅದು ನನ್ನೊಬ್ಬಳ ಮಗುವಾಗಿರಲಿಲ್ಲ. ಅದನ್ನು ಉಳಿಸಿಕೊಳ್ಳುವುದೊಂದೇ ಆ ಮನೆಯ ಕೆಲಸವಾಗಿತ್ತು.

ನಾಲ್ಕನೇ ತಿಂಗಳಲ್ಲಿ ಬಯಕೆ ಶುರುವಾಯಿತು. ಹುಳಿ ಬೇಡ, ಸಿಹಿ ಬೇಡ, ಮಣ್ಣು ಬೇಕು. ಸಾರಿಸಿದ ನೆಲದ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಹೇಳಲು ನಾಚಿಕೆ, ಹೇಳದೆ ಇರಲು ಆಗದು. ಅತ್ತೆಗೆ ನಾನು ಬಾಯಿ ಬಿಡುವ ಮೊದಲೇ ಗೊತ್ತಾಯಿತು.

"ಗ್ವಾಡಿ ಯಾಕ ಮೂಸಿ ನೋಡ್ತೀಯ? ನಾಚ್ಕಿ ಬ್ಯಾಡ. ನಾನೂ ತಿಂದೀನಿ, ನಮ್ಮವ್ವನೂ ತಿಂದಾಳ," ಎಂದು ನಕ್ಕರು. "ಆದ್ರೆ ಎಲ್ಲೆಂದ್ರಲ್ಲಿ ತಿನ್ನಬಾರ್ದು ಮತ್ತೆ. ನಾ ತಂದುಕೊಡ್ತೀನಿ ತಡಿ."

ನಮ್ಮ ಬೀದಿಯ ಹಿಂದೆ ಒಂದು ಹಳ್ಳ ಹರಿದು ಹೊಳೆ ಸೇರುತ್ತದೆ. ಸೇರುವುದಕ್ಕೆ ಸ್ವಲ್ಪ ಮುಂಚೆ ಅದು ತಿರುಗುವ ಕಡೆ, ನೀರು ಇಳಿದಾಗ ನುಣ್ಣನೆ ಮೆಕ್ಕಲು ಕೂರುತ್ತಿತ್ತು. ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಆ ಬೀದಿಯ ಬಸುರಿಯರಿಗೆ ತಲೆಮಾರಿನಿಂದ ಅದೇ ಮಣ್ಣು. ಅತ್ತೆ ಒಂದು ಬುಟ್ಟಿ ತುಂಬ ತಂದು, ಹೆಂಚಿನ ಮೇಲೆ ಹುರಿದು, ಮಡಕೆಯಲ್ಲಿ ತುಂಬಿಟ್ಟರು. ಮೊದಲ ಮಳೆಯ ವಾಸನೆ ಮಡಕೆಯಿಂದ ಬರುತ್ತಿತ್ತು. ದಿನಾ ಊಟವಾದ ಮೇಲೆ ಅಡಿಕೆಲೆ ಕೊಡುವ ಹಾಗೆ ಎರಡು ಚಕ್ಕೆ ಕೊಡುತ್ತಿದ್ದರು. ಕೇಳಿದರೆ ಇನ್ನೊಂದು. ಎದುರು ಮನೆಯ ಸಾಕಮ್ಮನ ಮಗಳು ರುದ್ರಿಯೂ ಆಗ ಬಸುರಿ, ಚೊಚ್ಚಲು, ತವರಿಗೆ ಬಂದಿದ್ದಳು. ಅವಳಿಗೂ ಅದೇ ಮಡಕೆಯಿಂದ ಒಂದು ಪೊಟ್ಟಣ ಹೋಯಿತು.

ಹಳ್ಳದ ಮೇಲ್ಗಡೆ ನೂಲಿಗೆ ಬಣ್ಣ ಹಾಕುವ ಒಂದು ಶೆಡ್ಡು ಬಂದು ಕೆಲವು ವರ್ಷವಾಗಿತ್ತು. ಬೆಳಿಗ್ಗೆ ಹಳ್ಳದ ನೀರು ಅರಿಸಿನ ಕದಡಿದ ಹಾಗೆ ಬರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತಿತ್ತು. ಆ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ, ಎಮ್ಮೆಗಳನ್ನೂ ಅಲ್ಲಿಗೆ ಬಿಡುತ್ತಿರಲಿಲ್ಲ. ನೀರಿನ ವಿಷಯದಲ್ಲಿ ನಾವೆಲ್ಲ ಭಾರಿ ಹುಷಾರು. ಮಣ್ಣಿನ ವಿಷಯ ಮಾತ್ರ ಯಾರ ತಲೆಗೂ ಬರಲಿಲ್ಲ. ನಾವು ಪಾತ್ರೆ ಬೆಳಗುತ್ತಿದ್ದದ್ದು ಮಣ್ಣಿನಿಂದ, ಕೈ ತೊಳೆಯುತ್ತಿದ್ದದ್ದು ಮಣ್ಣಿನಿಂದ, ಮನೆ ಸಾರಿಸುತ್ತಿದ್ದದ್ದು ಮಣ್ಣಿನಿಂದ. ಕೊಳೆ ತೆಗೆಯುವ ಮಣ್ಣಿಗೇ ಕೊಳೆ ಹತ್ತುತ್ತದೆ ಎಂದು ಹೇಗೆ ಹೊಳೆಯಬೇಕು? ಅದೂ ಬೆಂಕಿಯ ಮೇಲೆ ಹುರಿದ ಮಣ್ಣಿಗೆ?

ಆರನೇ ತಿಂಗಳಿಗೆ ಬಾಯಿ ಕೆಟ್ಟಿತು. ಏನು ತಿಂದರೂ ತಾಮ್ರದ ಚೊಂಬು ನೆಕ್ಕಿದ ಹಾಗೆ. ಆಮೇಲೆ ಹೊಟ್ಟೆನೋವು. ಹೆರಿಗೆ ನೋವು ಹೇಗಿರುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ, ಈಗ ಗೊತ್ತಿರುವುದರಿಂದ ಹೇಳುತ್ತೇನೆ, ಅದೇ ವಾಸಿ. ಇದು ಹೊಕ್ಕಳಿನ ಸುತ್ತ ಯಾರೋ ಒದ್ದೆ ಬಟ್ಟೆ ಹಿಂಡಿದಂತೆ ಹಿಂಡುತ್ತಿತ್ತು. ಹಿಂಡಿ, ಬಿಟ್ಟು, ಮತ್ತೆ ಹಿಂಡುತ್ತಿತ್ತು. ವಾರಗಟ್ಟಲೆ ಹೊರಕಡೆ ಸರಿಯಾಗಿ ಹೋಗುತ್ತಿರಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಪ್ರತಿ ಸಲ ಹಿಂಡಿದಾಗಲೂ ನನಗಿದ್ದ ಹೆದರಿಕೆ ಒಂದೇ, ಇದೂ ಹೋಗುತ್ತದೆ ಎಂದು. ಎರಡೂ ಕೈಯಲ್ಲಿ ಹೊಟ್ಟೆಯನ್ನು ಕೆಳಗಿನಿಂದ ಒತ್ತಿ ಹಿಡಿದು ಕೂರುತ್ತಿದ್ದೆ, ಕೈಯಿಂದ ತಡೆದರೆ ನಿಲ್ಲುವ ಹಾಗೆ.

ಅತ್ತೆ ಜೀರಿಗೆ ಕಷಾಯ ಕೊಟ್ಟರು, ಹರಳೆಣ್ಣೆ ಕೊಟ್ಟರು, ದೃಷ್ಟಿ ತೆಗೆದರು. ನೋವು ಯಾವುದಕ್ಕೂ ಜಗ್ಗಲಿಲ್ಲ. ಊಟ ಒಲ್ಲೆನೆಂದರೆ, "ಹೋಗ್ಲಿ, ಬಾಯಿಗಾದ್ರೂ ಹಿತ ಆಗ್ಲಿ," ಎಂದು ಮಣ್ಣಿನ ಚಕ್ಕೆ ಮುರಿದು ಬಾಯಿಗಿಡುತ್ತಿದ್ದರು. ಅದೊಂದು ಮಾತ್ರ ನನಗೆ ಸೇರುತ್ತಿತ್ತು. ಹೊಟ್ಟೆ ನೊಂದಷ್ಟೂ ಮಣ್ಣು, ಮಣ್ಣು ತಿಂದಷ್ಟೂ ನೋವು. ಆಗ ಅವರ ಬೆರಳು ನನ್ನ ತುಟಿಗೆ ತಾಗಿದರೆ ಅಷ್ಟರಮಟ್ಟಿಗೆ ಸಮಾಧಾನವಾಗುತ್ತಿತ್ತು.

ಕಡೆಗೆ ಅತ್ತೆಯೇ ತೀರ್ಮಾನ ಮಾಡಿದರು: "ಯಾರೋ ಮದ್ದು ಹಾಕ್ಯಾರೆ."

ನಮ್ಮ ಕಡೆ ಮದ್ದು ಹಾಕುವುದು ಎಂದರೆ ಆಗದವರು ಅನ್ನದಲ್ಲೋ ಉಪ್ಪಿನಕಾಯಿಯಲ್ಲೋ ಏನಾದರೂ ಕಲೆಸಿ ತಿನ್ನಿಸುವುದು. ಅದು ಹೊಟ್ಟೆಯಲ್ಲಿ ಕೂತು ಆಳನ್ನು ಸವೆಸುತ್ತದೆಂದು ನಂಬಿಕೆ. ಅದನ್ನು ತೆಗೆಯುವವರೂ ಇರುತ್ತಾರೆ. ಅಂಥವನೊಬ್ಬ ಬಾತಿ ಎಂಬ ಊರಿನ ಹತ್ತಿರ ಒಂದು ಗುಡಿಸಲಿನಲ್ಲಿದ್ದ. ಯಜಮಾನರಿಗೆ ಮನಸ್ಸಿರಲಿಲ್ಲ. ಆದರೆ ತಾಯಿಯ ಎದುರು ಮಾತಾಡಿ ಅವರಿಗೆ ರೂಢಿಯಿಲ್ಲ, ಗಾಡಿ ಹೂಡಿಸಿದರು.

ಆತ ಯಾವುದೋ ಸೊಪ್ಪಿನ ರಸ ಕುಡಿಸಿದ. ಕರುಳು ಬಾಯಿಗೆ ಬರುವ ಹಾಗೆ ವಾಂತಿಯಾಯಿತು. ನಾನು ಕಣ್ಣು ಬಿಡುವಷ್ಟರಲ್ಲಿ ಮುತ್ತುಗದೆಲೆಯ ಮೇಲೆ ಕೂದಲು ಸುತ್ತಿದ ಒಂದು ಉಂಡೆ ತೋರಿಸುತ್ತಿದ್ದ. ಅದು ನನ್ನ ಹೊಟ್ಟೆಯಿಂದ ಬಂತೋ ಅವನ ಅಂಗಿಯ ತೋಳಿನಿಂದ ಬಂತೋ ಆ ಎಲೆಗೇ ಗೊತ್ತು. "ಹೆಂಗಸಿನ ಕೈಯಿಂದ ಬಂದದ್ದು, ಮನಿಗೆ ಹತ್ರದಾಕಿ," ಎಂದ. ಗಾಡಿಯಲ್ಲಿ ವಾಪಸು ಬರುವಾಗ ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ವಾಂತಿಯ ಕಹಿ ಹೋಗಲೆಂದು ಸೆರಗಿನ ಗಂಟು ಬಿಚ್ಚಿ ಒಂದು ಚಕ್ಕೆ ಕೊಟ್ಟರು. ನಾನು ಚೀಪುತ್ತ ಮಲಗಿದೆ.

ಮನೆಗೆ ಹತ್ತಿರದವಳು ಎಂದರೆ ಸಾಕಮ್ಮ. ಹಿಂದಿನ ತಿಂಗಳು ನಿಂಬೆಕಾಯಿ ಉಪ್ಪಿನಕಾಯಿ ಕೊಟ್ಟವಳು ಅವಳೇ. ಮಾರನೆಯ ದಿನ ಬೀದಿ ನಲ್ಲಿಯ ಹತ್ತಿರ ಅತ್ತೆ ಅವಳ ಕೊಡಕ್ಕೆ ಕೈ ಅಡ್ಡ ಇಟ್ಟರು. ನಾನು ಬಾಗಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ.

"ನನ್ ಸೊಸಿಗೆ ಏನ್ ಹಾಕಿ ಕೊಟ್ಟೀಯೇ ಸಾಕಿ? ನಿನಗ ನಾನು ಏನ್ ಅನ್ಯಾಯ ಮಾಡಿದ್ದೆ?"

"ಹಾಲಕ್ಕಾ, ನಾಲ್ಗಿ ಬಿಗಿ ಹಿಡ್ದು ಮಾತಾಡು! ನನ್ ಮಗ್ಳೂ ಬಸುರಿ ಅದಾಳೆ. ನೀ ಕೊಟ್ಟ ಮಣ್ಣನ್ನೇ ದಿನಾ ತಿಂತಾಳೆ. ಅದ್ರಾಗೆ ಮದ್ದು ಐತೆ ಅಂತ ನಾನು ಅಂದೆನೇನು?"

"ನನ್ ಕೈಯಾಗಿನ್ದಕ್ಕೆ ಹೆಸರಿಡ್ತೀಯ?" ಎಂದು ಅತ್ತೆ ಕೊಡ ಉರುಳಿಸಿದರು. ಅವತ್ತಿನಿಂದ ಎರಡು ಮನೆಗೂ ಮಾತು ನಿಂತಿತು. ಆದರೂ ರುದ್ರಿ ಮಣ್ಣು ತಿನ್ನುವುದು ನಿಲ್ಲಲಿಲ್ಲ, ಪೊಟ್ಟಣದಲ್ಲಿ ಇನ್ನೂ ಉಳಿದಿತ್ತು.

ಇದಾಗಿ ಕೆಲವೇ ದಿನಕ್ಕೆ ಕೈ ಹೋಯಿತು. ಬೆಳಿಗ್ಗೆ ಯಜಮಾನರ ಬುತ್ತಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಮೇಲೆ ಅಂಗೈ ಬಿತ್ತು, ಮತ್ತೆ ಏಳಲಿಲ್ಲ. ತೋಳು ಮೇಲೆ ಬಂತು, ಮುಂಗೈ ಮಾತ್ರ ಬಾಡಿದ ಎಲೆಯಂತೆ ಕೆಳಕ್ಕೆ ಜೋತುಬಿತ್ತು. ಎಡಗೈಯಿಂದ ಎತ್ತಿ ನಿಲ್ಲಿಸಿದೆ, ಬಿಟ್ಟ ಕೂಡಲೇ ಬಿತ್ತು. ನನಗೆ ನಗು ಬಂತು, ನಿಜವಾಗಿ. ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಬೆಳಿಗ್ಗೆಯಿಂದ ಮಗು ಹೊರಳಿರಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಯಿತು. ಯಜಮಾನರು ಓಡಿ ಬಂದಾಗ ನಾನು ಹೊಟ್ಟೆಯನ್ನು ಎಡಗೈಯಿಂದ ತಟ್ಟಿ ತಟ್ಟಿ ಕರೆಯುತ್ತಿದ್ದೆ.

ಆ ದಿನ ಅವರು ಮೊದಲ ಸಲ ತಾಯಿಯ ಮಾತಿಗೆ ಕಾಯಲಿಲ್ಲ. "ಎದ್ದೇಳು, ದಾವಣಗೆರಿಗೆ ಹೋಗಾನ," ಎಂದರು. ಅತ್ತೆಯೂ ಸೀರೆ ಬದಲಿಸದೆ ಹಾಗೇ ಹಿಂದೆ ಹೊರಟರು.

ಮಂಡಿಪೇಟೆಯ ಹಿಂದಿನ ಗಲ್ಲಿಯೊಂದರಲ್ಲಿ ಒಬ್ಬ ಡಾಕ್ಟರಮ್ಮನ ಸಣ್ಣ ಆಸ್ಪತ್ರೆ ಇತ್ತು. ಆಕೆ ಸಮುದ್ರದ ಕಡೆಯವರು, ಪುಸ್ತಕದಂಥ ಕನ್ನಡ. ಹೊರಗಿನ ಪಡಸಾಲೆಯಲ್ಲಿ ಒಂದೇ ಉದ್ದನೆ ಬೆಂಚು, ಅದರ ತುಂಬ ಹೆಂಗಸರು. ಎದುರಿನ ಅಂಗಡಿಗಳಿಂದ ಮೆಣಸಿನಕಾಯಿ ಘಾಟು ಬಂದು ಎಲ್ಲರೂ ಕೆಮ್ಮುತ್ತಿದ್ದರು. ಒಬ್ಬಾಕೆ ನನ್ನ ಮುಖ ನೋಡಿ, ಪಕ್ಕದಲ್ಲಿ ಮಲಗಿಸಿದ್ದ ಮಗುವನ್ನು ತೊಡೆಗೆ ಎಳೆದುಕೊಂಡು ಜಾಗ ಮಾಡಿಕೊಟ್ಟಳು. ಹೆಸರು ಕೇಳಲಿಲ್ಲ, ಕಾಯಿಲೆ ಕೇಳಲಿಲ್ಲ, ತನ್ನ ಸರದಿ ಬಂದಾಗ "ಈಕಿನ ಮೊದ್ಲು ಕಳಸ್ರಿ," ಎಂದಳು. ಅವಳ ಮುಖ ಮರೆತಿದ್ದೇನೆ, ಆ ಮಾತು ಮರೆತಿಲ್ಲ.

ಡಾಕ್ಟರಮ್ಮ ನನ್ನ ಹೊಟ್ಟೆಯ ಮೇಲೆ ಕೊಳವೆಯಂಥದ್ದನ್ನು ಇಟ್ಟು ಕಿವಿ ಕೊಟ್ಟರು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು.

"ಇದೆ," ಎಂದರು. "ಎದೆ ಬಡಿತ ಇದೆ. ನಿಧಾನವಾಗಿದೆ."

ಅಳು ಬಂತು. ಅವರು ಅಳಲು ಬಿಡಲಿಲ್ಲ, ಬಾಯಿ ತೆರೆಯಲು ಹೇಳಿದರು. ಕೆಳತುಟಿ ಕೆಳಗೆಳೆದು, ಕಿಟಕಿಯ ಬೆಳಕಿಗೆ ನನ್ನ ಮುಖ ತಿರುಗಿಸಿ ಬಹಳ ಹೊತ್ತು ನೋಡಿದರು. ವಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ ಕಟ್ಟಿತ್ತಂತೆ, ಸೀಸ ಮೈಗೆ ಹತ್ತಿದವರ ಗುರುತು ಅದು. ಆಮೇಲೆ ಪ್ರಶ್ನೆಗಳು ಶುರುವಾದವು. ನಿಮ್ಮ ಗಂಡನಿಗೆ ಅಚ್ಚುಕೂಟದಲ್ಲಿ ಸೀಸದ ಮೊಳೆ ಜೋಡಿಸುವ ಕೆಲಸವೇ? ಅಲ್ಲ. ಮನೆಗೆ ಈಚೆಗೆ ಬಣ್ಣ ಹೊಡೆಸಿದಿರಾ? ಇಲ್ಲ. ನಾಟಿ ಔಷಧಿ ಏನಾದರೂ? ಅತ್ತೆ ಬಾತಿಯ ಕಥೆ ಹೇಳಿದರು, ಸಾಕಮ್ಮನ ಉಪ್ಪಿನಕಾಯಿಯನ್ನೂ ಬಿಡದೆ ಹೇಳಿದರು. ಡಾಕ್ಟರಮ್ಮ ತಲೆ ಅಲ್ಲಾಡಿಸಿದರು.

"ಒಂದು ಸಲ ತಿಂದದ್ದಲ್ಲ ಇದು. ದಿನಾ ಮೈಗೆ ಹೋಗುತ್ತಿದೆ, ಇನ್ನೂ ಹೋಗುತ್ತಿದೆ. ಅದು ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಗೊತ್ತಾಗದಿದ್ದರೆ ನಾನು ಕೊಡುವ ಔಷಧಿಯಿಂದ ಏನೂ ಆಗುವುದಿಲ್ಲ. ಮಗು ಉಳಿಯುವುದಿಲ್ಲ."

ಅಷ್ಟು ನೇರವಾಗಿ ಅದುವರೆಗೆ ಯಾರೂ ಹೇಳಿರಲಿಲ್ಲ. ಆ ಮಾತಿಗೋ ಏನೋ ನನಗೆ ನೋವು ಹಿಂಡಿಕೊಂಡು ಬಂತು. ಮೇಜಿನ ಮೇಲೆಯೇ ಮುದುರಿಕೊಂಡೆ. ಅತ್ತೆ ಹತ್ತಿರ ಬಂದರು, ಸೆರಗಿನ ಗಂಟು ಬಿಚ್ಚಿದರು, ಚಕ್ಕೆ ಮುರಿದು ನನ್ನ ಬಾಯಿಯ ಹತ್ತಿರ ತಂದರು. "ತಗಾ ನಮ್ಮವ್ವಾ, ಚೂರು ಬಾಯಾಗಿಟ್ಕ."

"ಏನದು?" ಎಂದರು ಡಾಕ್ಟರಮ್ಮ.

"ಏನಿಲ್ರಿ. ಮಣ್ಣು. ಬಯಕಿಗೆ."

ಡಾಕ್ಟರಮ್ಮ ಅತ್ತೆಯ ಬೆರಳಿನಿಂದ ಅದನ್ನು ತೆಗೆದುಕೊಂಡು, ಬಿಳಿಯ ಪಿಂಗಾಣಿ ಬಟ್ಟಲಿನಲ್ಲಿ ಹಾಕಿ ನೀರು ಬಿಟ್ಟು ಉಜ್ಜಿದರು. ಮೇಲೆ ಬೂದು ಬಣ್ಣ, ಒಳಗಿನ ಪದರಗಳಲ್ಲಿ ಹಳದಿ ಛಾಯೆ. ಎಲ್ಲಿಯದು ಎಂದು ಕೇಳಿದರು. ಅತ್ತೆ ಹಳ್ಳದ ತಿರುವು ಎಂದರು. ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಯಜಮಾನರು ಸಟಕ್ಕನೆ ನೆಟ್ಟಗಾದರು.

"ಮೇಲ್ಗಡೆ ಬಣ್ಣದ ಶೆಡ್ಡು ಐತ್ರಿ," ಎಂದರು. "ಹಳದಿ ನೂಲು ಮಾಡ್ತಾರೆ. ಅಲ್ಲಿಂದ ನಮ್ಮ ಗಿರಣಿಗೂ ಬರ್ತೈತೆ."

ಡಾಕ್ಟರಮ್ಮ ಕುರ್ಚಿಯಲ್ಲಿ ಕೂತರು. "ಆ ಹಳದಿ ಬಣ್ಣದಲ್ಲಿ ಸೀಸವಿರುತ್ತದೆ. ನಮ್ಮೂರಿನ ಬಂದರಿನಲ್ಲಿ ಹಡಗಿನ ಹಳೇ ಸೀಸದ ಬಣ್ಣ ಕೆರೆಯುವವರಿದ್ದರು. ಅವರ ವಸಡಿನಲ್ಲಿ ಈ ಗೆರೆ ಮೊದಲು ನೋಡಿದ್ದೆ. ಕೆರೆದದ್ದೆಲ್ಲ ನೀರಿಗೆ ಬೀಳುತ್ತಿತ್ತು. ಮೇಲೆ ಸಮುದ್ರ ಚೆಂದವಾಗಿಯೇ ಕಾಣುತ್ತಿತ್ತು. ಅಲ್ಲಿಯ ಕೆಸರಿನಿಂದ ಚಿಪ್ಪು ಹೆಕ್ಕಿ ಬೇಯಿಸಿ ತಿಂದ ಮನೆಗಳಲ್ಲೂ ಆಮೇಲೆ ಇದೇ ಹೊಟ್ಟೆನೋವು ನೋಡಿದೆ. ಭಾರದ್ದು ತಳಕ್ಕೆ ಹೋಗುತ್ತದಮ್ಮ, ಅಲ್ಲೇ ಕೂರುತ್ತದೆ. ನಿಮ್ಮ ಹಳ್ಳದಲ್ಲೂ ಅದೇ ಆಗಿದೆ. ಬೆಂಗಳೂರಿಗೆ ಕಳಿಸಿ ನೋಡಿಸುತ್ತೇನೆ, ಆದರೆ ನಾನು ಅದಕ್ಕೆ ಕಾಯುವುದಿಲ್ಲ."

ಅತ್ತೆಗೆ ಸಿಟ್ಟು ಬಂತು. "ಏನ್ ಮಾತಾಡ್ತೀರ ಡಾಕ್ಟರಮ್ಮ? ನನ್ನ ಅಷ್ಟೂ ಮಕ್ಕಳಿಗೆ ಇದನ್ನೇ ತಿಂದೀನಿ. ಈಗ್ಲೂ ತಿಂತೀನಿ, ನೋಡ್ರಿ!" ಎಂದು ಸೆರಗಿನಲ್ಲಿ ಉಳಿದಿದ್ದನ್ನು ಬಾಯಿಗೆ ಹಾಕಿಕೊಂಡರು.

ಡಾಕ್ಟರಮ್ಮ ತಡೆಯಲಿಲ್ಲ. "ನೀವು ಬಸುರಿಯಾಗಿದ್ದಾಗ ಆ ಶೆಡ್ಡು ಇತ್ತೇ?" ಎಂದಷ್ಟೇ ಕೇಳಿದರು.

ಅತ್ತೆಯ ದವಡೆ ನಿಂತಿತು. ನುಂಗಲೂ ಆಗದೆ ಉಗಿಯಲೂ ಆಗದೆ, ಬಾಯಿ ಮುಚ್ಚಿಕೊಂಡು ನನ್ನ ಮುಖ ನೋಡಿದರು. ಆ ನೋಟ ನನಗೆ ನನ್ನ ಕಾಯಿಲೆಗಿಂತ ಹೆಚ್ಚು ನೋವು ಕೊಟ್ಟಿದೆ. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೊರಗೆ ಓಡಿದರು. ಬಚ್ಚಲ ಕಡೆಯಿಂದ ಅವರು ಬಾಯಿ ತೊಳೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ನನ್ನನ್ನು ಅಲ್ಲೇ ಇಟ್ಟುಕೊಂಡರು. ಅತ್ತೆ ಸಂಜೆಯ ರೈಲಿಗೆ ಒಬ್ಬರೇ ಹರಿಹರಕ್ಕೆ ಹೋದರು. ಮುಂದೆ ನಡೆದದ್ದನ್ನು ನನಗೆ ಹೇಳಿದವಳು ಸಾಕಮ್ಮ. ಅತ್ತೆ ಮನೆಯ ಬೀಗವನ್ನೂ ತೆಗೆಯದೆ ನೇರವಾಗಿ ಎದುರು ಮನೆಯ ಬಾಗಿಲು ಬಡಿದರಂತೆ. ಮತ್ತೊಂದು ಜಗಳಕ್ಕೆ ಬಂದಳು ಎಂದುಕೊಂಡು ಸಾಕಮ್ಮ ಬಾಗಿಲು ತೆಗೆಯಲಿಲ್ಲ, ಒಳಗಿನಿಂದಲೇ ಬೈದಳು. ಅತ್ತೆ ಹೊರಗೇ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರಂತೆ:

"ಸಾಕೀ, ಬಾಗ್ಲು ತೆಗೀಬ್ಯಾಡ, ಬ್ಯಾಡ. ರುದ್ರಿಗೆ ಮಾತ್ರ ಆ ಮಣ್ಣು ಕೊಡಬ್ಯಾಡ. ಮದ್ದು ನೀ ಹಾಕಿದ್ದಲ್ಲವ್ವಾ. ನಾನು ಹಾಕಿದ್ದು. ನನ್ ಕೈಯಾರೆ ನಾನೇ ಹಾಕೀನಿ."

ಆಗ ಬಾಗಿಲು ತೆರೆಯಿತು. ರುದ್ರಿಗೆ ಅಷ್ಟರಲ್ಲಿ ಹೊಟ್ಟೆನೋವು ಶುರುವಾಗಿತ್ತು. ಯಾರಿಗಾದರೂ ಹೇಳಿದರೆ ಹಾಲಕ್ಕನಿಗೆ ಸುದ್ದಿ ಮುಟ್ಟುತ್ತದೆ, ಅವಳ ಎದುರು ತಲೆ ತಗ್ಗಿಸಬೇಕಾಗುತ್ತದೆ ಎಂದು ತಾಯಿ ಮಗಳು ಮುಚ್ಚಿಟ್ಟಿದ್ದರು. ಬೆಳಗಾಗುವುದರೊಳಗೆ ಬೀದಿಯ ಅಷ್ಟೂ ಮನೆಗಳಿಂದ ಮಣ್ಣು ವಾಪಸು ಬಂತು. ಅತ್ತೆ ಗುಂಡಿ ತೋಡಿ ಹೂಳಿದರು. ಹಳ್ಳದ ಕಡೆ ಹೋಗುವ ಕಾಲುದಾರಿಗೆ ಜಾಲಿಮುಳ್ಳು ಹಾಕಿದರು. ಶೆಡ್ಡಿನವರ ಹತ್ತಿರ ಯಜಮಾನರು ಮತ್ತು ಗಿರಣಿಯ ನಾಲ್ಕು ಜನ ಹೋಗಿ ಮಾತಾಡಿದರು. ಅವರು ಹಳ್ಳದ ನೀರನ್ನು ಲೋಟದಲ್ಲಿ ಹಿಡಿದು ತೋರಿಸಿ, ಇಷ್ಟು ತಿಳಿಯಾಗಿದೆಯಲ್ಲ ಎಂದು ಕಳಿಸಿಬಿಟ್ಟರಂತೆ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಆಸ್ಪತ್ರೆಯ ದಿನಗಳ ಬಗ್ಗೆ ಏನು ಹೇಳಲಿ. ನರಕ್ಕೆ ಸುಣ್ಣದ ಅಂಶದ ಇಂಜೆಕ್ಷನ್ ಕೊಡುತ್ತಿದ್ದರು, ಮೈಯೆಲ್ಲ ಬಿಸಿ ಏರುತ್ತಿತ್ತು. ಲೋಟಗಟ್ಟಲೆ ಹಾಲು. ಇದಕ್ಕೆಂದೇ ಇರುವ ಔಷಧಿ ಬೊಂಬಾಯಿಯಲ್ಲಿ ಸಿಗಬಹುದು, ಆದರೆ ಬಸುರಿಗೆ ಕೊಡಲು ಧೈರ್ಯವಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಅವರು ಧೈರ್ಯವಿಲ್ಲ ಎಂದು ಒಪ್ಪಿಕೊಂಡದ್ದರಿಂದ ನನಗೆ ಅವರ ಮೇಲೆ ನಂಬಿಕೆ ಬಂತು. ಉಳಿದದ್ದು ಕಾಯುವುದು. ಮಗು ಒಮ್ಮೆ ಹೊರಳಿದರೆ ಮುಂದಿನ ಹೊರಳಿಗಾಗಿ ಕಾಯುವುದು. ಮಲಗಿದ್ದಲ್ಲೇ ಕಿವಿಯೆಲ್ಲ ಹೊಟ್ಟೆಯೊಳಗೆ ಇಟ್ಟುಕೊಂಡು, ಪಕ್ಕದವರು ಮಾತಾಡಿಸಿದರೂ ಸುಮ್ಮನಿರಿ ಎಂದು ಗದರುತ್ತಿದ್ದೆ. ಮಣ್ಣಿನ ಆಸೆ ಹೋಗಿರಲಿಲ್ಲ ಎಂದರೆ ನಂಬುತ್ತೀರಾ? ನೆಲ ಒರೆಸಿದ ವಾಸನೆ ಬಂದರೆ ಬಾಯಲ್ಲಿ ನೀರು, ಕಣ್ಣಲ್ಲೂ ನೀರು.

ಆಯಾ ಒಬ್ಬರಿದ್ದರು, ಗಂಟಲು ದೊಡ್ಡದು, ಮನಸ್ಸೂ ದೊಡ್ಡದು. ನನ್ನ ಕೈ ಬಿದ್ದುಹೋದ ಕಾರಣ ಅವರೇ ಅನ್ನ ಕಲೆಸಿ ಉಣಿಸುತ್ತಿದ್ದರು, "ಬಾಯಿ ತೆಗಿ ಮಾರಾಣಿ," ಎಂದು ಛೇಡಿಸುತ್ತ. ಆ ಕೆಲಸ ಅತ್ತೆ ಮಾಡಬೇಕಿತ್ತು. ಅತ್ತೆ ಬರುತ್ತಿದ್ದರು, ದಿನಾ ಬರುತ್ತಿದ್ದರು. ಆದರೆ ಬಾಗಿಲಿನಿಂದ ಈಚೆ ಬರುತ್ತಿರಲಿಲ್ಲ. ಹೊಸ್ತಿಲ ಹೊರಗೆ ಕೂತು, ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಹೊತ್ತು ಇಳಿಯುವತನಕ ನೋಡುತ್ತಿದ್ದು ಹೋಗುತ್ತಿದ್ದರು.

"ಒಳಗೆ ಬರ್ರಿ ಅತ್ತೆ," ಎಂದರೆ, "ಬ್ಯಾಡ ಪಾರವ್ವ. ನನ್ ಕೈಗುಣ ಕೆಟ್ಟೈತೆ," ಎನ್ನುತ್ತಿದ್ದರು. ಮನೆಯಿಂದ ಅನ್ನ ತಂದರೆ ಸಾಕಮ್ಮನ ಕೈಯಲ್ಲಿ ಮಾಡಿಸಿ ತರುತ್ತಿದ್ದರು. ಬೀದಿಯಲ್ಲಿ ಯಾರದೋ ಹೆರಿಗೆಗೆ ಕರೆದಾಗ ಹೋಗಲಿಲ್ಲವಂತೆ. ನನ್ನ ಕೂಸನ್ನೂ ಮುಟ್ಟುವುದಿಲ್ಲವೆಂದು ದೇವರ ಮುಂದೆ ಆಣೆ ಮಾಡಿದ್ದಾರೆಂದು ಯಜಮಾನರು ಹೇಳಿದರು. ನನಗೆ ಸಿಟ್ಟು ಬರುತ್ತಿತ್ತು. ಕೂಸು ಇನ್ನೂ ಬಂದಿಲ್ಲ, ಬರುತ್ತದೋ ಇಲ್ಲವೋ ಗೊತ್ತಿಲ್ಲ, ಆಗಲೇ ಮುಟ್ಟುವ ಮುಟ್ಟದಿರುವ ಮಾತೇ?

ದಿನ ತುಂಬುವ ಮೊದಲೇ ನೋವು ಬಂತು. ಹೊಟ್ಟೆ ಹಿಂಡುವ ಹಳೆಯ ನೋವೋ ಹೆರಿಗೆಯ ನೋವೋ ನನಗೆ ಬಿಡಿಸಿ ಹೇಳಲು ಬರಲಿಲ್ಲ. ಡಾಕ್ಟರಮ್ಮನ ಮುಖ ಬಿಗಿದಿತ್ತು. ಮಧ್ಯಾಹ್ನದ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು. ಅಳಲಿಲ್ಲ. ಅದನ್ನು ತಲೆಕೆಳಗು ಹಿಡಿದರು, ತಟ್ಟಿದರು, ಬಾಯಿಂದ ಏನೋ ಎಳೆದರು. ನಾನು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ, ಆ ಹಲ್ಲಿ ಕದಲಿದರೆ ಮಗು ಬದುಕುತ್ತದೆ ಎಂದು ಹುಚ್ಚಿಯಂತೆ ಅಂದುಕೊಳ್ಳುತ್ತಿದ್ದೆ. ಹಲ್ಲಿ ಕದಲಲಿಲ್ಲ. ಮಗು ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಮಾಡಿತು.

"ಎರಡು ದಿನ ಕಳೆಯಲಿ," ಎಂದರು ಡಾಕ್ಟರಮ್ಮ. ಸಂತೋಷ ಪಡಬೇಡ ಎಂದು ಹೇಳುವ ರೀತಿ ಅದು.

ಮಾರನೆಯ ದಿನ ಬೆಳಿಗ್ಗೆ ಆಯಾ ಪಿಂಗಾಣಿ ಚಮಚದಿಂದ ಮಗುವಿಗೆ ಹಾಲು ಹಾಕಿ, ನನ್ನ ಎಡಪಕ್ಕದಲ್ಲಿ ಮಲಗಿಸಿ, ಬಿಸಿನೀರು ತರಲು ಹೊರಗೆ ಹೋದರು. ಅತ್ತೆ ಹೊಸ್ತಿಲ ಹೊರಗೆ ಎಂದಿನಂತೆ ಕೂತಿದ್ದರು. ಹಿಂದಿನ ದಿನದಿಂದ ಅವರು ಮಗುವಿನ ಮುಖವನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ನಾನು ಮಗುವನ್ನು ನೋಡುತ್ತಿದ್ದೆ. ಅದರ ಬಾಯಿಯ ಕೊನೆಯಲ್ಲಿ ಹಾಲು ಉಕ್ಕಿತು. ಮೂಗಿಗೂ ಬಂತು. ಮುಖ ಕೆಂಪಾಯಿತು, ಆಮೇಲೆ ನೀಲಿಯಾಗತೊಡಗಿತು. ಸದ್ದೇ ಇಲ್ಲ. ಎಡಗೈ ಅದರ ತಲೆಯ ಕೆಳಗೆ ಸಿಕ್ಕಿಕೊಂಡಿತ್ತು. ಬಲಗೈಯನ್ನು ಅದರ ಬೆನ್ನ ಕೆಳಗೆ ಹಾಕಿದೆ. ಮುಂಗೈ ಜೋತುಬಿತ್ತು. ಮತ್ತೆ ಹಾಕಿದೆ. ಮತ್ತೆ ಬಿತ್ತು.

"ಅತ್ತೇ!" ಎಂದು ಕಿರುಚಿದೆ. "ಎತ್ಕೊಳ್ರಿ! ನನ್ ಕೈಲಿ ಆಗವಲ್ದು!"

ಅತ್ತೆ ಎದ್ದು ನಿಂತರು. ಕೈ ಸೆರಗಿನೊಳಗೇ ಇದ್ದವು. "ಆಯಾ! ಆಯಮ್ಮಾ!" ಎಂದು ಕೂಗಿದರು. ಯಾರೂ ಬರಲಿಲ್ಲ.

"ನಿಮ್ಮ ಆಣಿ ನನ್ ಮ್ಯಾಲಿರ್ಲಿ! ಪಾಪ ನನಗೇ ತಟ್ಲಿ! ಬರ್ರಿ!"

ಆಗ ಬಂದರು. ಹೊಸ್ತಿಲು ದಾಟಿದ್ದು ನನಗೆ ಕಾಣಲಿಲ್ಲ, ಕಂಡದ್ದು ಅವರ ಕೈ ಮಾತ್ರ. ಒಂದು ಕೈಯ ಮೇಲೆ ಮಗುವನ್ನು ಬೋರಲು ಹಾಕಿಕೊಂಡು, ಬೆರಳಿನಿಂದ ಬಾಯಿ ಒರೆಸಿ, ಇನ್ನೊಂದು ಕೈಯಿಂದ ಬೆನ್ನನ್ನು ತಟ್ಟಿದರು. ಎಷ್ಟು ಕೂಸುಗಳಿಗೆ ಹಾಗೆ ತಟ್ಟಿದ್ದ ಕೈಯೋ ಅದು, ಎಲ್ಲಿ ತಟ್ಟಬೇಕೆಂದು ಹುಡುಕಲಿಲ್ಲ. ಹಾಲು ಹೊರಗೆ ಬಂತು. ಉಸಿರು ಎಳೆದುಕೊಂಡು ಮಗು ಅಳತೊಡಗಿತು. ಹುಟ್ಟಿದಾಗ ಅಳದಿದ್ದನ್ನೂ ಸೇರಿಸಿ, ಆಸ್ಪತ್ರೆಯೆಲ್ಲ ಕೇಳುವ ಹಾಗೆ ಅತ್ತಿತು. ಅತ್ತೆಯೂ ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ಬಿಸಿನೀರು ಹಿಡಿದು ಬಂದ ಆಯಾ ಬಾಗಿಲಲ್ಲೇ ನಿಂತುಬಿಟ್ಟರು.

ಮಗು ಸುಮ್ಮನಾದ ಮೇಲೆ ಅತ್ತೆಗೆ ತಾನು ಏನು ಮಾಡುತ್ತಿದ್ದೇನೆಂದು ಎಚ್ಚರವಾಯಿತು. "ತಗಾ," ಎಂದು ಮಗುವನ್ನು ನನ್ನ ಕಡೆ ಚಾಚಿದರು.

ನಾನು ಕೈ ಮುಂದೆ ಮಾಡಲಿಲ್ಲ.

"ನೀವೇ ಇಟ್ಕೊಳ್ರಿ ಅತ್ತೆ. ನನಗೆ ಕೈ ಬರೋತನ್ಕ."

ಅತ್ತೆ ಮಗುವನ್ನು ನೋಡಿದರು, ನನ್ನನ್ನು ನೋಡಿದರು.

"ಬಂದ ಮ್ಯಾಲೆ?"

"ಬಂದ ಮ್ಯಾಲೂ."